ಊರಿನ ಹೆಸರು, ಊರಾಚೆಯ ನಿಲ್ದಾಣ: ಬಾರ್ಶಿ ಲಘು ರೈಲ್ವೆ ಮತ್ತು ಗಡಿನಾಡ ಜತ್ತ

ಸೊಲ್ಲಾಪುರದಿಂದ ವಾಡಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಅಕ್ಕಲಕೋಟ ರೋಡ್ ಎಂಬ ನಿಲ್ದಾಣವಿದೆ. ಮೀರಜದಿಂದ ಪಂಢರಪುರಕ್ಕೆ ಹೋಗುವ ಮಾರ್ಗದಲ್ಲಿ ಜತ್ತ ರೋಡ್ ಇದೆ. ಎರಡೂ ನಿಲ್ದಾಣಗಳು ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ ಊರುಗಳ ಹೆಸರನ್ನು ಹೊತ್ತಿವೆ. ಎರಡೂ ಆ ಊರುಗಳಲ್ಲಿ ಇಲ್ಲ. ಭಾರತದ ರೈಲ್ವೆ ಪರಿಭಾಷೆಯಲ್ಲಿ ಊರಿನ ಹೆಸರಿಗೆ ‘ರೋಡ್’ ಸೇರಿದರೆ, ಇಲ್ಲಿಂದ ಆ ಊರಿಗೆ ದಾರಿಯಿದೆ, ರೈಲು ಮಾತ್ರ ಅಲ್ಲಿಗೆ ಹೋಗದು ಎಂದರ್ಥ. ಗಡಿನಾಡಿನ ಇತಿಹಾಸವನ್ನು ಬರೆಯುವವರು ಈ ಪುಟ್ಟ ಪದವನ್ನು ಅಷ್ಟಾಗಿ ಗಮನಿಸಿಲ್ಲ.

ಈ ಪದವನ್ನು ಕಳಚಿಕೊಂಡ ಊರು ಬಾರ್ಶಿ. ಮುಂಬಯಿಯಿಂದ ರಾಯಚೂರಿನತ್ತ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಈ ಪೇಟೆಯನ್ನು ಇಪ್ಪತ್ತು ಮೈಲಿಗೂ ಮಿಕ್ಕಿದ ದೂರದಲ್ಲಿ ಬಿಟ್ಟು ಕುರ್ಡುವಾಡಿಯ ಮೂಲಕ ಹಾದುಹೋಗಿತ್ತು. ಅಲ್ಲಿನ ನಿಲ್ದಾಣಕ್ಕೆ ಬಾರ್ಶಿ ರೋಡ್ ಎಂದೇ ಹೆಸರು. 1882ರಲ್ಲಿ ಅದೇ ರೈಲ್ವೆಯ ನೌಕರಿಗೆಂದು ಭಾರತಕ್ಕೆ ಬಂದ ಎವರಾರ್ಡ್ ಕಾಲ್ತ್ರಾಪ್ ಎಂಬ ಇಂಜಿನಿಯರ್ ಇಲ್ಲಿಗೊಂದು ಕೂಡುಮಾರ್ಗ ಬೇಕೆಂದು ವರ್ಷಗಟ್ಟಲೆ ಪ್ರಯತ್ನಿಸಿ, 1895ರಲ್ಲಿ ಅದಕ್ಕಾಗಿಯೇ ಕಂಪನಿಯೊಂದನ್ನು ಕಟ್ಟಿದ. 1897ರಲ್ಲಿ ಬಾರ್ಶಿಗೆ ರೈಲು ಬಂತು.

ಹಳಿಗಳ ನಡುವಿನ ಅಂತರ 2 ಅಡಿ 6 ಅಂಗುಲ ಮಾತ್ರ. ಕಾಲ್ತ್ರಾಪನ ಜಾಣ್ಮೆ ಇದ್ದದ್ದು ಹಳಿಯ ಅಗಲದಲ್ಲಿ ಅಲ್ಲ, ಭಾರದ ಲೆಕ್ಕದಲ್ಲಿ. ಇಂಜಿನ್ನೇ ಆಗಲಿ, ತುಂಬಿದ ವ್ಯಾಗನ್ನೇ ಆಗಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂಬುದು ಅವನ ನಿಯಮ. ಭಾರ ಹೀಗೆ ಸಮನಾಗಿ ಹಂಚಿಹೋದರೆ ಗಜಕ್ಕೆ 30 ಪೌಂಡ್ ತೂಗುವ ಹಗುರ ಹಳಿಯೇ ಸಾಕು. ಹಳಿ ಹಗುರವಾದರೆ ಸೇತುವೆ ಹಗುರ, ಖರ್ಚೂ ಹಗುರ. ಲೀಡ್ಸ್ ನಗರದ ಕಿಟ್ಸನ್ ಕಂಪನಿ ಕಟ್ಟಿದ ಇಂಜಿನ್‌ಗಳಿಗೆ ಎಂಟು ಚಾಲಕ ಗಾಲಿಗಳಿದ್ದುದು ಇದೇ ಕಾರಣಕ್ಕೆ. ಇಂಗ್ಲೆಂಡಿನಲ್ಲಿ 1904ರಲ್ಲಿ ಆರಂಭವಾದ ಲೀಕ್–ಮ್ಯಾನಿಫೋಲ್ಡ್ ಮಾರ್ಗಕ್ಕೂ ಕಾಲ್ತ್ರಾಪನೇ ಇಂಜಿನಿಯರ್. ವಸಾಹತಿನಲ್ಲಿ ಪಳಗಿದ ವಿದ್ಯೆ ತವರಿಗೆ ಮರಳಿದ ಅಪರೂಪದ ನಿದರ್ಶನವಿದು.

ಮುಂದೆ ಮಾರ್ಗ 1906ರಲ್ಲಿ ಪಂಢರಪುರವನ್ನೂ, 1911ರಲ್ಲಿ ನಿಜಾಮರ ಸೀಮೆಯ ಲಾತೂರನ್ನೂ, 1927ರಲ್ಲಿ ಮೀರಜವನ್ನೂ ಮುಟ್ಟಿತು. ಒಟ್ಟು ಉದ್ದ 202 ಮೈಲಿ. ಕುರ್ಡುವಾಡಿಯಲ್ಲಿ ಬ್ರಾಡ್ ಗೇಜ್, ಮೀರಜದಲ್ಲಿ ಬೆಳಗಾವಿಯ ಕಡೆಯಿಂದ ಬರುವ ಮೀಟರ್ ಗೇಜ್. ನಡುವೆ ಈ ಕಿರಿದಾರಿ. ಕಲಬುರಗಿ, ರಾಯಚೂರುಗಳ ವಿಠ್ಠಲಭಕ್ತರಿಗೆ ಕುರ್ಡುವಾಡಿ ಬಾಗಿಲಾದರೆ, 1927ರ ನಂತರ ಬೆಳಗಾವಿ, ಧಾರವಾಡದವರಿಗೆ ಮೀರಜ ಬಾಗಿಲಾಯಿತು. ಪಂಢರಪುರದ ಕನ್ನಡ ನಂಟನ್ನು ಶಾಸನಗಳಲ್ಲಿ, ದಾಸರ ಅಂಕಿತಗಳಲ್ಲಿ ಹುಡುಕಿದಷ್ಟು ಶ್ರದ್ಧೆಯಿಂದ ರೈಲು ಬದಲಾಯಿಸುವ ಈ ಕೂಡುನಿಲ್ದಾಣಗಳಲ್ಲಿ ಹುಡುಕಿದ್ದು ಕಡಿಮೆ. ಆದರೆ ಜತ್ತ ಸಂಸ್ಥಾನದ ರಾಜಧಾನಿಗೆ ಆ ಮಾರ್ಗದಿಂದ ದಕ್ಕಿದ್ದು ‘ರೋಡ್’ ಮಾತ್ರ.

ಅದೇ ದಶಕಗಳಲ್ಲಿ ಅಮೆರಿಕದ ಓಹಾಯೋ, ಇಂಡಿಯಾನಾ ರಾಜ್ಯಗಳಲ್ಲಿ ಊರೂರುಗಳನ್ನು ಬೆಸೆದ ಇಂಟರ್‌ಅರ್ಬನ್ ಎಂಬ ವಿದ್ಯುತ್ ರೈಲುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಉದ್ದೇಶ ಬಹುಮಟ್ಟಿಗೆ ಒಂದೇ: ದೊಡ್ಡ ರೈಲ್ವೆ ಕಡೆಗಣಿಸಿದ ಪೇಟೆಗಳಿಗೆ ಅಗ್ಗದ ಸಂಪರ್ಕ. ಆದರೆ ತಲೆಯ ಮೇಲಿನ ತಂತಿಯಿಂದ ವಿದ್ಯುತ್ತನ್ನು ಪಡೆಯುವ ಗಾಡಿಗೆ ಹೊಗೆಯಿಲ್ಲ, ಕಲ್ಲಿದ್ದಲಿನ ರಾಶಿ ಬೇಕಿಲ್ಲ. ಅದು ಪೇಟೆಬೀದಿಯ ನಡುವೆಯೇ ಸಾಗಿ ಮನೆ, ಅಂಗಡಿಗಳ ಮುಂದೆ ಜನರನ್ನು ಇಳಿಸುತ್ತಿತ್ತು. 1904ರಲ್ಲಿ ತೆರೆದ ಇಂಡಿಯಾನಾಪೊಲಿಸ್‌ನ ಇಂಟರ್‌ಅರ್ಬನ್ ನಿಲ್ದಾಣ ನಗರದ ನಟ್ಟನಡುವೆ ಇತ್ತು. ಅಲ್ಲಿ ಊರಾಚೆಯ ನಿಲ್ದಾಣದ ಪ್ರಶ್ನೆಯೇ ಏಳಲಿಲ್ಲ. ಉಗಿಬಂಡಿಯ ಬಾರ್ಶಿ ರೈಲ್ವೆಗೆ ಆ ಸಲೀಸು ಇರಲಿಲ್ಲ. ಆಯುಸ್ಸಿನ ಮಾತು ಬೇರೆ: ಮೋಟಾರು, ಬಸ್ಸುಗಳ ಪೈಪೋಟಿಯಲ್ಲಿ 1930ರ ದಶಕದ ಹೊತ್ತಿಗೆ ಹೆಚ್ಚಿನ ಇಂಟರ್‌ಅರ್ಬನ್‌ಗಳು ನೆಲಕಚ್ಚಿದವು, ಬಾರ್ಶಿ ಕಂಪನಿ ಸ್ವತಂತ್ರ ಭಾರತದಲ್ಲೂ ಖಾಸಗಿಯಾಗಿಯೇ ನಡೆದು, 1954ರಲ್ಲಿ ಸರಕಾರದ ಕೈಸೇರಿತು.

ಈ ಶತಮಾನದಲ್ಲಿ ಕಿರಿದಾರಿಯನ್ನು ಕಿತ್ತು ಬ್ರಾಡ್ ಗೇಜ್ ಹಾಕುವಾಗ, ಹಳೆಯ ಮಾರ್ಗ ತಪ್ಪಿಸಿ ಹೋಗಿದ್ದ ಉಸ್ಮಾನಾಬಾದಿಗೆ, ಅಂದರೆ ಇಂದಿನ ಧಾರಾಶಿವಕ್ಕೆ, ಹಾದಿಯನ್ನೇ ತಿರುಗಿಸಲಾಯಿತು. ಅದು ಜಿಲ್ಲಾ ಕೇಂದ್ರ. ಜತ್ತ ತಾಲೂಕು ಕೇಂದ್ರ, ಅದೂ ಗಡಿಯ ತಾಲೂಕು. ಅದರತ್ತ ಹಳಿ ತಿರುಗಲಿಲ್ಲ. 1967ರ ಮಹಾಜನ ವರದಿ ಜತ್ತ, ಅಕ್ಕಲಕೋಟೆಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತ್ತು. ಆ ವಾದ ಇತ್ಯರ್ಥವಾಗದೆ ಉಳಿದ ಊರುಗಳು ಎರಡೂ ರಾಜ್ಯಗಳ ರಾಜಧಾನಿಗಳಿಗೆ ದೂರವೇ.

ಕುರ್ಡುವಾಡಿಯಲ್ಲಿ ಬಾರ್ಶಿ ರೈಲ್ವೆಯ ಕಾರ್ಯಾಗಾರ ಇಂದಿಗೂ ಕೆಲಸ ಮಾಡುತ್ತಿದೆ, ಮಧ್ಯ ರೈಲ್ವೆಯ ಹೆಸರಿನಲ್ಲಿ. 2023ರ ಫೆಬ್ರುವರಿಯಲ್ಲಿ ಲಾತೂರಿನ ಬಳಿಯ ಔಸಾ ರೋಡ್–ಲಾತೂರ್ ರೋಡ್ ಭಾಗಕ್ಕೆ ವಿದ್ಯುತ್ ಬಂದಾಗ ಮಧ್ಯ ರೈಲ್ವೆಯ ಬ್ರಾಡ್ ಗೇಜ್ ಜಾಲದ ವಿದ್ಯುದೀಕರಣ ಪೂರ್ಣಗೊಂಡಿತು. ಕೊನೆಯ ಆ ತುಂಡಿನ ಎರಡೂ ತುದಿಗಳ ನಿಲ್ದಾಣಗಳಿಗೆ ‘ರೋಡ್’ ಎಂಬ ಬಾಲವಿದೆ. ಜತ್ತ ರೋಡಿನಲ್ಲಿ ಇಳಿದವರು ಊರು ಸೇರಲು ಈಗಲೂ ರಸ್ತೆಯನ್ನೇ ಹಿಡಿಯಬೇಕು.