ಕೆರೆಯಾಗಿ ಬಾಳಿದ ಹೊಳೆ: ನಮ್ಮ ಶಿಂಷೆ

ತುಮಕೂರು ಕಡೆಯವರನ್ನು ನಿಮ್ಮೂರಿನ ನದಿ ಯಾವುದು ಎಂದು ಕೇಳಿ ನೋಡಿ, ತಡವರಿಸುತ್ತಾರೆ. ಕೆರೆ ಯಾವುದೆಂದರೆ ಥಟ್ಟನೆ ಹೇಳುತ್ತಾರೆ. ಇಂದು ನಗರದೊಳಗೇ ಸೇರಿಹೋಗಿರುವ ಮರಳೂರಿಗೂ ಕೆರೆಯುಂಟು, ಗೂಳೂರಿಗೂ ಉಂಟು. ಕುಣಿಗಲ್ ಕೆರೆಗಂತೂ ಹಾಡೇ ಇದೆ. ಈ ಸೀಮೆಯ ಹೊಳೆಯಾದ ಶಿಂಷೆಯನ್ನು ಹಿರಿಯರು ಹರಿಯಬಿಟ್ಟದ್ದಕ್ಕಿಂತ ಏರಿ ಹಾಕಿ ನಿಲ್ಲಿಸಿಕೊಂಡದ್ದೇ ಹೆಚ್ಚು.

ಹುಟ್ಟುವುದು ದೇವರಾಯನದುರ್ಗದಲ್ಲಿ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರಿದರೆ, ಶಿಂಷೆ ಗುಬ್ಬಿ, ತುರುವೇಕೆರೆ, ಕುಣಿಗಲ್ ಸೀಮೆಯನ್ನು ಬಳಸಿ, ಮದ್ದೂರು ದಾಟಿ ಕಾವೇರಿಗೆ ಸೇರುತ್ತದೆ.

ಹೊಳೆಯ ಮೊದಲ ದೊಡ್ಡ ತಂಗುದಾಣ ಗುಬ್ಬಿ ತಾಲ್ಲೂಕಿನ ಕಡಬ. ಲಂಕೆಯಿಂದ ಮರಳುವಾಗ ಸೀತೆಯ ಮಾತಿಗೆ ಓಗೊಟ್ಟು ರಾಮನೇ ಇಲ್ಲಿ ಕೆರೆ ಕಟ್ಟಿಸಿದನೆಂಬುದು ಊರವರ ನಂಬಿಕೆ. ಪುರಾಣ ಬದಿಗಿರಲಿ, ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ, ಸುಮಾರು 1,200 ವರ್ಷ ಹಳೆಯ ತಾಮ್ರಶಾಸನ ಈ ಊರಿನ ಹೆಸರಿನಿಂದಲೇ ಪ್ರಸಿದ್ಧ. ಕೆರೆ ತುಂಬಿ ಕೋಡಿ ಹರಿದರೆ ಹಬ್ಬ, ಹರಿಯದಿದ್ದರೆ ಅಚ್ಚುಕಟ್ಟಿನಲ್ಲಿ ಭತ್ತದ ಮಾತಿಲ್ಲ, ರಾಗಿಯೇ ಗತಿ. ಯಾವ ಗದ್ದೆಗೆ ಎಷ್ಟು ಹೊತ್ತು ತೂಬಿನ ನೀರು ಎಂಬುದು ನೀರುಗಂಟಿಯ ಕೈಯಲ್ಲಿತ್ತು. ಊರಗೌಡನಿಗಿಂತ ಅವನ ಮುಲಾಜೇ ಜನಕ್ಕೆ ಹೆಚ್ಚಾಗಿದ್ದರೆ ಅಚ್ಚರಿಯಿಲ್ಲ!

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಬಂದರೆ ಕಥೆ ಬೇರೆ. ಮೈಸೂರು ಸಂಸ್ಥಾನ ಕಟ್ಟಿಸಿದ ಈ ಜಲಾಶಯದಲ್ಲಿ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳಿವೆ. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ಒಳಗೆ ಸುಳಿಯಾಗಿ ತಿರುಗಿ, ಗಾಳಿಯನ್ನು ಹೊರದೂಡುತ್ತದೆ; ಆಗ ಸೈಫನ್ ಹೆಚ್ಚುವರಿ ನೀರನ್ನು ತಾನಾಗಿಯೇ ಸೆಳೆದು ಹೊರಹಾಕುತ್ತದೆ. ಗೇಟೆತ್ತಲು ಆಳು ಬೇಡ, ಕರೆಂಟೂ ಬೇಡ. ರಜೆಗೆ ಬಂದಾಗ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಬದಲು, ಒಳ್ಳೆಯ ಮಳೆಗಾಲವಾಗಿದ್ದರೆ ಇಲ್ಲಿಗೆ ಕರೆತನ್ನಿ.

ಈಗ ಈ ಸೀಮೆಯ ಕೆರೆಗಳು ಬರೀ ಮಳೆಯನ್ನು ನಂಬಿಕೊಂಡಿಲ್ಲ. ಗೊರೂರಿನಿಂದ ಹೇಮಾವತಿ ಹೊಳೆಯ ನೀರು ನಾಲೆಯಲ್ಲಿ ಬರುತ್ತದೆ. ತುಮಕೂರಿನ ನಲ್ಲಿಗೆ ಬುಗುಡನಹಳ್ಳಿ ಕೆರೆಯ ಮೂಲಕ ತಲುಪುವುದೂ ಅದೇ. ಬೇಡಿಕೆ ಬೆಳೆದಂತೆ ಜಗಳವೂ ಬೆಳೆಯಿತು. ನಾಲೆಯ ಕೊನೆಯಲ್ಲಿರುವ ಕುಣಿಗಲ್‌ಗೆ ನೇರವಾಗಿ ನೀರೊಯ್ಯುವ ಲಿಂಕ್ ಕಾಲುವೆಯ ಕೆಲಸವನ್ನು 2025ರಲ್ಲಿ ಗುಬ್ಬಿ ಭಾಗದ ರೈತರು ತಮಗೆ ನೀರು ಕಡಿಮೆಯಾದೀತೆಂದು ಬೀದಿಗಿಳಿದು ತಡೆದರು. ತಮ್ಮ ಪಾಲು ಇದುವರೆಗೂ ಪೂರ್ತಿ ಬಂದಿಲ್ಲವೆಂಬುದು ಕುಣಿಗಲ್ಲಿನವರ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ. ಎರಡೂ ಕಡೆ ನಂಟರಿರುವ ನಮ್ಮಂಥವರಿಗೆ ಯಾರ ಪರ ಮಾತಾಡುವುದೆಂಬುದೇ ಕಷ್ಟ.