ಬಚ್ಚಲು ನೀರು, ಸೊಪ್ಪಿನ ಬೆಟ್ಟ ಮತ್ತು ಎರೆಹುಳು

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟ ಕಣಿವೆಯ ತಳದಲ್ಲಿಯೂ, ಮನೆ ಮತ್ತು ಕೊಟ್ಟಿಗೆ ಅದಕ್ಕಿಂತ ತುಸು ಎತ್ತರದಲ್ಲಿಯೂ, ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟ ಅವೆರಡಕ್ಕೂ ಮೇಲೆಯೂ ಇರುವುದು ಸಾಮಾನ್ಯವಾದುದರಿಂದ, ಬಳಸಿದ ನೀರಿನ ದಾರಿಯನ್ನು ಬಹುಮಟ್ಟಿಗೆ ಇಳಿಜಾರೇ ಗೊತ್ತುಮಾಡುತ್ತಿತ್ತು. ಈ ಸೀಮೆಯ ತೋಟಿಗರ ಮನೆಗಳಲ್ಲಿ ಅಕ್ಕಿ ತೊಳೆದ ಅಕ್ಕಚ್ಚು ದನಗಳ ಬಾನಿಗೆ ಹೋದರೆ, ಬಚ್ಚಲಿನ ನೀರು ಹಿತ್ತಲಿನ ಬಾಳೆ, ಕೆಸುವಿನ ಬುಡ ಸೇರುತ್ತಿತ್ತು. ಗಂಜಲವು ಕೊಟ್ಟಿಗೆಯಲ್ಲಿ ಹಾಸಿದ ಸೊಪ್ಪಿನಲ್ಲಿ ಇಂಗಿ, ಸಗಣಿಯೊಡನೆ ಗೊಬ್ಬರಗುಂಡಿಗೆ ಬೀಳುತ್ತಿತ್ತು. ಅಲ್ಲಿನ ತೇವಕ್ಕೂ ಕೊಳೆತ ಎಲೆಗೂ ಎರೆಹುಳು ತಾನಾಗಿಯೇ ಬರುತ್ತಿತ್ತೇ ಹೊರತು ಅದನ್ನು ಯಾರೂ ಸಾಕುತ್ತಿರಲಿಲ್ಲ.

ಈ ವ್ಯವಸ್ಥೆಯನ್ನು ಹೊಗಳುವವರು ಅದರ ನಿಜವಾದ ಆಧಾರವನ್ನು ಮರೆಯುವುದುಂಟು. 1801ರಲ್ಲಿ ಯಲ್ಲಾಪುರ, ಸೋಂದೆ, ಶಿರಸಿಗಳ ಮೂಲಕ ಸಾಗಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಇಲ್ಲಿನ ಅಡಿಕೆ ತೋಟಗಳ ಬೇಸಾಯವನ್ನು ದಾಖಲಿಸಿದ್ದಾನೆ. ಆ ಬೇಸಾಯ ನಿಂತಿದ್ದುದು ಕಾಡಿನ ಸೊಪ್ಪಿನ ಮೇಲೆ. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಬಳಿಕ ಅರಣ್ಯ ಇಲಾಖೆಯು ಸೊಪ್ಪಿನ ಬೆಟ್ಟಗಳನ್ನು, ಅಂದರೆ ತೋಟದವರು ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರಬಹುದಾದ ಆದರೆ ಭೂಮಿಯ ಒಡೆತನ ಸರ್ಕಾರದಲ್ಲೇ ಉಳಿಯುವ ಕಾಡುಗಳನ್ನು, ನಿಯಮಗಳಿಗೆ ಒಳಪಡಿಸಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ದೊರೆಯುತ್ತಿದ್ದುದನ್ನು ನೋಡಿದರೆ, ಹಿತ್ತಲಿನ ನೀರು ಕೊಳೆಯಾಗದೆ ಗೊಬ್ಬರವಾಗಲು ಎಷ್ಟು ಕಾಡೂ ಎಷ್ಟು ಹೊರೆ ಹೊರುವ ತಲೆಗಳೂ ಬೇಕಾಗಿದ್ದವು ಎಂಬುದು ತಿಳಿಯುತ್ತದೆ. ಬೆಟ್ಟವಿಲ್ಲದ ಬಡವರ ಮನೆಗೆ ಈ ಅನುಕೂಲ ಅಷ್ಟಾಗಿ ಇರಲಿಲ್ಲ.

ಇನ್ನು ಎರೆಹುಳುವಿನ ಮಾತಿಗೆ ಬಂದರೆ, ಚಾರ್ಲ್ಸ್ ಡಾರ್ವಿನ್ 1881ರ ತನ್ನ ಕೊನೆಯ ಪುಸ್ತಕದಲ್ಲಿ, ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಮಿಕ್ಕಿದ ಮಣ್ಣು ಎರೆಹುಳುಗಳ ದೇಹದ ಮೂಲಕ ಹಾದುಬರುತ್ತದೆಂದು ಅಂದಾಜಿಸಿದನು. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಮತ್ತು ಸಹೋದ್ಯೋಗಿಗಳು ನಡೆಸಿದ ಸಂಶೋಧನೆಯಿಂದ ಎರೆಗೊಬ್ಬರ ರೈತರಿಗೆ ಪರಿಚಿತವಾಯಿತು. ಶಿರಸಿ ಸೀಮೆಯಲ್ಲಿ ಅದಕ್ಕೆ ನೆಲ ಹದವಾಗಿಯೇ ಇತ್ತು. ಅದಕ್ಕೆ ಒದಗುವ ಸಗಣಿ ಬಗ್ಗಡವನ್ನು ಕೊಡುವ ಗೋಬರ್ ಗ್ಯಾಸ್ ಸ್ಥಾವರಗಳು ಇಲ್ಲಿ ಯಶಸ್ವಿಯಾಗಿ ಹರಡಿದುದನ್ನು ಕುರಿತ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಗಿದೆ. ಸ್ಥಾವರದಿಂದ ಹೊರಬರುವ ಬಗ್ಗಡ ತೆಳುವಾದ ದ್ರವವಾದುದರಿಂದ ಅದನ್ನು ಹೀರಲು ಮತ್ತೆ ದರಕು, ಕಸಕಡ್ಡಿ ಬೇಕಾಗುತ್ತದೆ, ಆ ಮಿಶ್ರಣವೇ ಎರೆಹುಳುವಿಗೆ ಒಳ್ಳೆಯ ಆಹಾರವೂ ಆಗುತ್ತದೆ.

ದ್ರವವನ್ನೇ ನೇರವಾಗಿ ಶುದ್ಧೀಕರಿಸುವ ಎರೆಹುಳು ಸೋಸುಪಾತಿಯ ರೂಪವನ್ನು ಚಿಲಿ ವಿಶ್ವವಿದ್ಯಾಲಯದ ಹೋಸೆ ತೋಹಾ 1992ರಲ್ಲಿ ಮುಂದಿಟ್ಟರು. ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ ಮರದ ಪುಡಿಯಂಥ ಸಾವಯವ ಹಾಸು ಮತ್ತು ಹುಳುಗಳು ಇರುವ ಈ ಪಾತಿಗೆ ಕೊಳಚೆ ನೀರನ್ನು ಚಿಮುಕಿಸಿದಾಗ, ಗಟ್ಟಿ ಕಣಗಳು ಮೇಲೆ ಉಳಿದು ಹುಳುಗಳ ಆಹಾರವಾಗುತ್ತವೆ. ಹುಳುಗಳು ಕೊರೆದ ದಾರಿಗಳಲ್ಲಿ ಗಾಳಿಯಾಡುವುದರಿಂದ ನೀರಿನಲ್ಲಿ ಕರಗಿದ ಕಶ್ಮಲವನ್ನು ಒಡೆಯುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಶುದ್ಧೀಕರಣದ ಹೆಚ್ಚಿನ ಪಾಲು ಈ ಸೂಕ್ಷ್ಮಜೀವಿಗಳದ್ದೇ ಆಗಿದ್ದು, ಹುಳುವನ್ನೊಂದೇ ಹೆಸರಿಸುವುದು ಸ್ವಲ್ಪ ಅತಿಶಯವೇ. ಹೀಗೆ ಸೋಸಿ ಬಂದ ನೀರು ಗಿಡಗಳಿಗೆ ಆದೀತು, ಕುಡಿಯಲು ಆಗದು.

ಹಳೆಯ ಹಿತ್ತಲಿಗೂ ಹೊಸ ಪಾತಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ನೀರಿನ ಸ್ವರೂಪದಲ್ಲಿದೆ. ಸೀಗೆಕಾಯಿ, ಅಂಟುವಾಳ, ಬೂದಿಯ ಜಾಗಕ್ಕೆ ಸೋಪು, ಫಿನಾಯಿಲು ಬಂದ ಮೇಲೆ, ನಲ್ಲಿಯ ನೀರು ಧಾರಾಳವಾಗಿ ಹರಿದು ಶೌಚಾಲಯವೂ ಮನೆಗೆ ಸೇರಿದ ಮೇಲೆ, ಬಾಳೆಯ ಬುಡ ಆ ನೀರನ್ನು ತಾಳಲಾರದಾಯಿತು. ಚರ್ಮದಿಂದಲೇ ಉಸಿರಾಡುವ ಎರೆಹುಳು ಫಿನಾಯಿಲು ಬಿದ್ದ ನೀರಿನಲ್ಲಿ ಉಳಿಯುವುದಿಲ್ಲ; ಉಸಿರಿಗೆ ಗಾಳಿ ಸಿಗದಂತೆ ನೀರು ನಿಂತರೂ ಉಳಿಯುವುದಿಲ್ಲ. ಆದ್ದರಿಂದ ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಸುರಿಯುವ ಶಿರಸಿಯಂಥ ಕಡೆ ಇಂಥ ಪಾತಿಗೆ ಮೊದಲು ಮಾಡು ಕಟ್ಟಬೇಕು, ಬಸಿಗಾಲುವೆ ತೋಡಬೇಕು, ಹಾಸು ಕರಗಿದಂತೆಲ್ಲ ದರಕು ತಂದು ತುಂಬುತ್ತಿರಬೇಕು.