ಹಿನ್ನೆಲೆ ಎಲ್ಲಿ ಹೋಯಿತು?

ಹಾವೇರಿ ಜಿಲ್ಲೆಯ ಮೂರು ಊರುಗಳು ಕ್ಯಾಮೆರಾ ಹಿಡಿದವರನ್ನು ಮೂರು ಬೇರೆ ಬೇರೆ ಕಾರಣಗಳಿಗೆ ಕರೆಯುತ್ತವೆ. ಬ್ಯಾಡಗಿಗೆ ಅವರು ಬರುವುದು ಒಣಮೆಣಸಿನಕಾಯಿಯ ಕೆಂಪಿಗೆ. ರಾಣೇಬೆನ್ನೂರಿಗೆ ಬರುವುದು ಚಿಗರಿಗಾಗಿ, ಅಂದರೆ ಕೃಷ್ಣಮೃಗಕ್ಕಾಗಿ. ಹಾವೇರಿಯಲ್ಲಿ ಅವರನ್ನು ತಡೆದು ನಿಲ್ಲಿಸುವುದು ಸಿದ್ಧೇಶ್ವರ ದೇಗುಲದ ಕಲ್ಲು. ಕಣ್ಣು ತುಂಬುವ ಬಣ್ಣ, ಮಸುಕಾದ ಹಿನ್ನೆಲೆಯ ಮುಂದೆ ಎದ್ದು ಕಾಣುವ ಜೀವ, ಕಲ್ಲಿನ ಒರಟು ಮತ್ತು ನುಣುಪು. ಕಲಾತ್ಮಕ ಛಾಯಾಗ್ರಹಣವೆಂದು ಇಂದು ಕರೆಯುವುದರ ಮೂರು ಬಂಡವಾಳಗಳೂ ಒಂದೇ ದಿನದ ಓಡಾಟದಲ್ಲಿ ಇಲ್ಲಿ ಸಿಗುತ್ತವೆ. ಚಿತ್ರಗಳು ಸುಂದರವಾಗಿವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅವುಗಳನ್ನು ಸಾಲಾಗಿ ಇಟ್ಟು ನೋಡಿದಾಗ ನಮಗೊಂದು ಪ್ರಶ್ನೆ ಏಳುತ್ತದೆ: ಈ ಚಿತ್ರಗಳ ಹಿಂದಿದ್ದ ಊರು ಎಲ್ಲಿ ಹೋಯಿತು?

ಕನ್ನಡದ 'ಹಿನ್ನೆಲೆ' ಎಂಬ ಮಾತಿನಲ್ಲಿ 'ನೆಲೆ' ಇದೆ. ಹಿಂದಿರುವುದು ಬರೀ ಖಾಲಿ ಜಾಗವಲ್ಲ, ಮನುಷ್ಯ ನಿಂತ ನೆಲೆ. ಉರ್ದುವಿನಲ್ಲಿ ಇದಕ್ಕೆ 'ಪಸ್-ಮಂಜರ್' ಎನ್ನುತ್ತೇವೆ, ನೋಟದ ಹಿಂದಿನದು ಎಂದು ಅರ್ಥ. ಈ 'ಮಂಜರ್' ಶಬ್ದದ ಬಹುವಚನವೇ 'ಮನಾಜಿರ್'. ಸಾವಿರ ವರ್ಷಗಳ ಹಿಂದೆ, ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ ಬೆಳಕು ಮತ್ತು ನೋಟದ ಕುರಿತು ಬರೆದ ಗ್ರಂಥದ ಹೆಸರು 'ಕಿತಾಬುಲ್ ಮನಾಜಿರ್'. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಆತ ತಳ್ಳಿಹಾಕಿದ. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದ. ಕತ್ತಲೆಯ ಕೋಣೆಗೆ ಸಣ್ಣ ರಂಧ್ರದಿಂದ ಬರುವ ಬೆಳಕನ್ನಿಟ್ಟುಕೊಂಡು ಪ್ರಯೋಗ ಮಾಡಿದ. ಕ್ಯಾಮೆರಾದ ಚರಿತ್ರೆಯನ್ನು ಬರೆಯುವವರೆಲ್ಲ ಒಮ್ಮೆಯಾದರೂ ಆ ಕೋಣೆಯ ಬಾಗಿಲನ್ನು ತಟ್ಟಲೇಬೇಕು.

ನಮ್ಮ ನಾಡಿನ ಹಳೆಯ ಚಿತ್ರಕಾರರಿಗೆ ಮಸುಕು ಬೇಕಿರಲಿಲ್ಲ. ಬಿಜಾಪುರದ ಆದಿಲ್‌ಶಾಹಿ ಕಾಲದ ಕಿರುಚಿತ್ರಗಳಲ್ಲಿ ಸುಲ್ತಾನನ ನಿಲುವಂಗಿಯಷ್ಟೇ ಶ್ರದ್ಧೆಯಿಂದ ಅವನ ಹಿಂದಿನ ಗಿಡಬಳ್ಳಿಗಳೂ ಎಲೆಎಲೆಯಾಗಿ ಮೂಡಿವೆ. 1839ರಲ್ಲಿ ಫೋಟೋಗ್ರಫಿ ಲೋಕಕ್ಕೆ ಪ್ರಕಟವಾದಾಗಲೂ ಜನ ಬೆರಗಾದದ್ದು ಅದರ ಸ್ಪಷ್ಟತೆಗೆ. ಧಾರವಾಡ ಸೀಮೆಗೆ ಕ್ಯಾಮೆರಾ ಬಂದದ್ದು ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಫೋಟೋಗಳ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚಿತ್ರ ತೆಗೆದವರು ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ಮುಂದೆ 1926ರಲ್ಲಿ ಹೆನ್ರಿ ಕಸೆನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ಬರೆದಾಗ ಹಾವೇರಿಯ ಸಿದ್ಧೇಶ್ವರ ಗುಡಿಗೂ ಅದರಲ್ಲಿ ಜಾಗ ಸಿಕ್ಕಿತು. ಅವರಿಗೆ ಬೇಕಾಗಿದ್ದದ್ದು ದಾಖಲೆ, ಕಲೆಯಲ್ಲ. ಹಾಗಾಗಿ ಕಂಬ, ಗೋಡೆ, ಅದರ ಮೇಲೆ ಬೆಳೆದ ಹುಲ್ಲು ಎಲ್ಲವೂ ಸ್ಪಷ್ಟವಾಗಿರಬೇಕಿತ್ತು.

ಈ ಗುಡಿಯ ಕಲ್ಲಿನ ಬಗ್ಗೆ ಒಂದು ಮಾತು. ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಬಳಪದ ಕಲ್ಲಿನ ಕೆತ್ತನೆಗೆ ಸಂಜೆಯ ಓರೆ ಬಿಸಿಲು ಬಿದ್ದಾಗ ಪ್ರತಿ ಗೀರಿಗೂ ಅದರದ್ದೇ ನೆರಳು ಹುಟ್ಟುತ್ತದೆ. ಟೆಕ್ಸ್ಚರ್ ಎಂದು ಫೋಟೋಗ್ರಾಫರುಗಳು ಹೇಳುವುದು ಇದನ್ನೇ. ನೆತ್ತಿಯ ಮೇಲಿನ ಬಿಸಿಲಲ್ಲಿ ಸಪ್ಪೆಯಾಗುವ ಕಲ್ಲು ಓರೆ ಬಿಸಿಲಲ್ಲಿ ಮುಟ್ಟಿ ನೋಡುವಂತಾಗುತ್ತದೆ. ಇಲ್ಲಿ ಕಲೆ ದಾಖಲೆಗೆ ಅಡ್ಡ ಬರುವುದಿಲ್ಲ, ಅದನ್ನು ಇನ್ನಷ್ಟು ಗಟ್ಟಿಯಾಗಿಸುತ್ತದೆ.

ಮಸುಕು ಗುಣವೆನಿಸಿಕೊಂಡದ್ದು ಯುರೋಪಿನಲ್ಲಿ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಇಂಗ್ಲೆಂಡಿನಲ್ಲಿ ತೆಗೆದ ಮೃದುವಾದ ಮುಖಚಿತ್ರಗಳನ್ನು ಅನೇಕರು ತಪ್ಪು ಎಂದು ಆಡಿಕೊಂಡರು. 1889ರಲ್ಲಿ ಪೀಟರ್ ಹೆನ್ರಿ ಎಮರ್ಸನ್ ತನ್ನ ಪುಸ್ತಕದಲ್ಲಿ, ಕಣ್ಣು ಒಂದನ್ನು ನೋಡುವಾಗ ಉಳಿದದ್ದು ತುಸು ಮಂಕಾಗುತ್ತದೆ, ಚಿತ್ರವೂ ಹಾಗೆಯೇ ಇರಬೇಕು ಎಂದು ವಾದಿಸಿದ. ಇದರ ತಂತ್ರ ಸರಳ. ಲೆನ್ಸಿನ ಕಿಂಡಿಯನ್ನು ಹೆಚ್ಚು ತೆರೆದಷ್ಟೂ, ವಸ್ತು ಹತ್ತಿರವಿದ್ದಷ್ಟೂ, ಹಿನ್ನೆಲೆ ದೂರವಿದ್ದಷ್ಟೂ ಮಸುಕು ಹೆಚ್ಚು. ಈಗ ಎಲ್ಲರ ಬಾಯಲ್ಲಿರುವ 'ಬೊಕೆ' ಜಪಾನಿ ಶಬ್ದ. ಅದರ ಅರ್ಥವೂ ಮಸುಕು ಎಂದೇ.

ನಮ್ಮ ಊರುಗಳ ಸ್ಟುಡಿಯೋಗಳಿಗೆ ಈ ವಾದ ತಲುಪಲಿಲ್ಲ. ಅಲ್ಲಿ ಮಸುಕೆಂದರೆ ಕೆಟ್ಟುಹೋದ ಫೋಟೋ, ದುಡ್ಡು ಕೊಡಬೇಕಿಲ್ಲದ ಫೋಟೋ. ಹಿನ್ನೆಲೆಯನ್ನು ಮಸುಕು ಮಾಡುವ ಬದಲು ಅವರು ಅದನ್ನು ಬರೆಸಿ ತೂಗುಹಾಕಿದರು. ಬಣ್ಣದ ಪರದೆಯ ಮೇಲೆ ಮಹಲಿನ ಮೆಟ್ಟಿಲು, ಉದ್ಯಾನ, ಕೊಳ, ತಾಜಮಹಲ್. ಹಲವು ಕಡೆ ಮಕ್ಕಾ-ಮದೀನಾ. ಕಪ್ಪುಬಿಳುಪು ಚಿತ್ರದ ಕೆನ್ನೆಗೆ, ಸೀರೆಯ ಅಂಚಿಗೆ ಕುಂಚದಿಂದ ಬಣ್ಣ ಹಚ್ಚುವ ಕಸುಬುದಾರರಿದ್ದರು. ಹೊಲದಿಂದ ಬಂದ ದಂಪತಿ ಆ ಮೆಟ್ಟಿಲ ಮುಂದೆ ನಿಂತು ಸ್ವಲ್ಪ ಹೊತ್ತು ಬೇರೆಯೇ ಮನೆಯವರಾಗುತ್ತಿದ್ದರು. ಅದು ಸುಳ್ಳು ಹಿನ್ನೆಲೆ, ನಿಜ. ಆದರೂ ಆ ಕಾಲದ ಜನ ಏನಾಗಬೇಕೆಂದು ಬಯಸಿದ್ದರು ಎಂಬುದರ ನಿಜವಾದ ದಾಖಲೆ.

ಮನೆಯಂಗಳದಲ್ಲಿ ತೆಗೆದ ಮದುವೆಯ ಫೋಟೋಗಳದ್ದು ಇನ್ನೊಂದು ಕತೆ. ಮದುಮಗನ ಸೆಹರಾದ ಹಿಂದೆ ಸುಣ್ಣದ ಗೋಡೆ, ಗೋಡೆಗೊರಗಿದ ಕೂರಿಗೆ, ಹಣಿಕಿ ನೋಡುವ ನೆರೆಮನೆಯ ಹೆಂಗಸರು, ಕಟ್ಟಿದ ಎತ್ತು. ತೆಗೆದವನು ಇವನ್ನೆಲ್ಲ ಬೇಕೆಂದು ತೆಗೆದದ್ದಲ್ಲ. ಇಂದು ನಾವು ಆ ಫೋಟೋಗಳಲ್ಲಿ ಹುಡುಕುವುದು ಮಾತ್ರ ಅವನ್ನೇ. ಹೆಂಚಿನ ಮನೆ ಯಾವಾಗ ಹೋಯಿತು, ಯಾರ ಮನೆಯವರು ಯಾರ ಮದುವೆಗೆ ಬರುತ್ತಿದ್ದರು ಎಂಬುದಕ್ಕೆ ಬೇರೆ ಪುರಾವೆ ಎಲ್ಲಿದೆ?

ಮಸುಕಿನ ಕಲೆ ಕನ್ನಡದವರಿಗೆ ಒಗ್ಗಿದ್ದು ಬಹುಮಟ್ಟಿಗೆ ವನ್ಯಜೀವಿ ಛಾಯಾಗ್ರಹಣದಿಂದ. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪುಬಿಳುಪು ಚಿತ್ರಗಳ ಪುಸ್ತಕ 1983ರಲ್ಲಿ ಹೊರಬಂತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಕಾಡಿನ ಬೆಳಕನ್ನು ಕಲಿಸಿದರು. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳಿಗಾಗಿ ಕಾದು ಕೂತರು. ದೂರದ ಪ್ರಾಣಿಯನ್ನು ಹತ್ತಿರಕ್ಕೆ ತರುವ ಉದ್ದ ಲೆನ್ಸು ಹಿಂದಿನ ಪೊದೆಯನ್ನು ನಯವಾದ ಬಣ್ಣವಾಗಿ ಕರಗಿಸುತ್ತದೆ.

ರಾಣೇಬೆನ್ನೂರಿನಲ್ಲಿ ಹೀಗೆ ಕರಗುವುದು ಏನು? 1974ರಲ್ಲಿ ಸುಮಾರು 119 ಚದರ ಕಿಲೋಮೀಟರ್ ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಚಿಗರಿ ಬಯಲಿನ ಪ್ರಾಣಿ; ಓಡಲು, ದೂರ ನೋಡಲು ಅದಕ್ಕೆ ತೆರೆದ ಹುಲ್ಲುಗಾವಲು ಬೇಕು. ಆದರೆ ಇಲ್ಲಿನ ಕುರುಚಲು ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟಿದ್ದರು. ಚಿತ್ರದಲ್ಲಿ ಚಿಗರಿಯ ಸುರುಳಿ ಕೊಂಬಿನ ಹಿಂದೆ ಕಾಣುವ ತಿಳಿಹಸಿರು ಮಬ್ಬು ಕಾಡಿನಂತೆಯೇ ತೋರುತ್ತದೆ. ಅದು ನೆಟ್ಟ ನೀಲಗಿರಿಯ ಸಾಲೆಂದು ಮಸುಕು ಹೇಳುವುದಿಲ್ಲ. ಇದೇ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿ ಕಾಣಿಸುತ್ತಿತ್ತು. ಈಗಿಲ್ಲ. ಕರ್ನಾಟಕದಲ್ಲಿ ಅದರ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆ. ಆ ಹಕ್ಕಿ ಏಕೆ ಹೋಯಿತೆಂದು ತಿಳಿಯಬೇಕಾದವರು ಹಕ್ಕಿಯ ಚಿತ್ರಕ್ಕಿಂತ ಅದರ ಹಿಂದಿನ ನೆಲದ ಚಿತ್ರವನ್ನು ನೋಡಬೇಕು.

ಬ್ಯಾಡಗಿಯಲ್ಲಿ ಬಣ್ಣವೇ ವ್ಯಾಪಾರ. ಇಲ್ಲಿನ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು, ಸಿಪ್ಪೆ ನೆರಿಗೆ ನೆರಿಗೆ. ಕಡ್ಡಿ ಮತ್ತು ಡಬ್ಬಿ ಎಂದು ಎರಡು ಬಗೆ. ಅದರಿಂದ ತೆಗೆದ ಓಲಿಯೋರೆಸಿನ್ ಆಹಾರಕ್ಕೂ ತುಟಿಯ ಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬಯಲಲ್ಲಿ ಹರವಿದ ಕೆಂಪಿನ ನಡುವೆ ಕೂತ ಹೆಣ್ಣುಮಗಳೊಬ್ಬಳ ಚಿತ್ರವನ್ನು ನೀವೂ ನೋಡಿರಬಹುದು. ಹೆಚ್ಚಾಗಿ ಕಾಯಿಯ ನೆರಿಗೆ ಸ್ಪಷ್ಟವಾಗಿರುತ್ತದೆ, ಅವಳು ಮಸುಕಾಗಿರುತ್ತಾಳೆ. ತೊಟ್ಟು ಬಿಡಿಸುವ ಈ ಕೆಲಸದಲ್ಲಿ ಎಲ್ಲ ಜಾತಿ-ಧರ್ಮಗಳ ಬಡ ಹೆಂಗಸರ ದಿನಗೂಲಿ ಇದೆ. ಘಾಟಿಗೆ ಉರಿಯುವ ಕಣ್ಣು, ಸುಡುವ ಬೆರಳು ಇವೆ. ಕೆಂಪು ಬಣ್ಣ ಎಷ್ಟು ಚೆಂದವೋ ಅಷ್ಟೇ ಸುಲಭವಾಗಿ ಅದು ಇವನ್ನೆಲ್ಲ ಮುಚ್ಚಿಬಿಡುತ್ತದೆ.

2024ರ ಮಾರ್ಚ್ 11ರಂದು ದರ ಕುಸಿದಾಗ ರೈತರ ಸಿಟ್ಟು ಬ್ಯಾಡಗಿ ಮಾರುಕಟ್ಟೆಯಲ್ಲಿ ಸ್ಫೋಟಿಸಿತು. ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ಆ ಹಿಂಸೆಯನ್ನು ಸಮರ್ಥಿಸಲಾಗದು. ಆದರೆ ಅಷ್ಟು ವರ್ಷ ಕೆಂಪು ರಾಶಿಯ ಹಿಂದೆ ಮಬ್ಬಾಗಿ ನಿಂತಿದ್ದವರು ಅಂದು ಒಮ್ಮೆಲೇ ಚಿತ್ರದ ಮುಂಭಾಗಕ್ಕೆ ಬಂದರು. ಹೊರಗಿನವರಿಗೆ ಅದು ಅಚ್ಚರಿಯಾಗಿ ಕಂಡಿದ್ದರೆ, ನಾವು ಅವರಿಗೆ ತೋರಿಸುತ್ತ ಬಂದ ಚಿತ್ರಗಳ ಪಾಲೂ ಅದರಲ್ಲಿದೆ.

ಈಗ ಮಸುಕಿಗೆ ಲೆನ್ಸೂ ಬೇಕಿಲ್ಲ. 2016ರಲ್ಲಿ ಐಫೋನಿನಲ್ಲಿ ಬಂದ ಪೋರ್ಟ್ರೇಟ್ ಮೋಡ್ ಬೇಗನೆ ಅಗ್ಗದ ಮೊಬೈಲುಗಳಿಗೂ ಇಳಿಯಿತು. ಮುಖ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಯಂತ್ರ ಲೆಕ್ಕ ಹಾಕಿ ಒರೆಸುತ್ತದೆ. ಕೆಲವೊಮ್ಮೆ ತೆಳು ದುಪಟ್ಟಾದ ಅಂಚನ್ನೂ ಹಿನ್ನೆಲೆಯೆಂದೇ ತಿಳಿದು ನುಂಗಿಬಿಡುತ್ತದೆ. ಹಜ್ ಅರ್ಜಿಗೆ, ಪಾಸ್‌ಪೋರ್ಟಿಗೆ ಬಿಳಿ ಹಿನ್ನೆಲೆ. ಮದುವೆಗೆ ಮಸುಕು ಹಿನ್ನೆಲೆ. ನಮ್ಮ ಮೊಮ್ಮಕ್ಕಳು ಈ ಚಿತ್ರಗಳನ್ನು ತೆರೆದಾಗ ಮುಖಗಳು ಸಿಗುತ್ತವೆ, ಓಣಿ ಸಿಗುವುದಿಲ್ಲ.

ಮಸುಕನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಕತೆ ಬರೆಯುವಾಗ ನಾವೂ ಒಬ್ಬಳನ್ನು ಮುಂದೆ ತಂದು ಹತ್ತು ಜನರನ್ನು ಹಿಂದಕ್ಕೆ ಸರಿಸುತ್ತೇವೆ. ಯಾರನ್ನು ಸರಿಸಿದೆವು, ಏಕೆ ಎಂಬುದು ಬರೆಯುವವನಿಗೆ ಗೊತ್ತಿರಬೇಕು, ಅಷ್ಟೇ. ಕ್ಯಾಮೆರಾ ಹಿಡಿದ ನಮ್ಮ ಹುಡುಗ-ಹುಡುಗಿಯರಲ್ಲಿ ಒಂದು ಕೋರಿಕೆ ಇದೆ. ಬ್ಯಾಡಗಿಯ ಕೆಂಪನ್ನು ತೆಗೆಯಿರಿ, ಚಿಗರಿಯ ಕೊಂಬನ್ನು ತೆಗೆಯಿರಿ, ಪ್ರಶಸ್ತಿಯೂ ಬರಲಿ. ಆಮೇಲೆ ಅದೇ ಜಾಗದಲ್ಲಿ ನಿಂತು ಕಿಂಡಿ ಕಿರಿದು ಮಾಡಿ, ಎಲ್ಲವೂ ಸ್ಪಷ್ಟವಾಗಿ ಕಾಣುವ ಇನ್ನೊಂದು ಚಿತ್ರ ತೆಗೆಯಿರಿ. ಊರು, ತಾರೀಖು, ಅಲ್ಲಿದ್ದವರು ಒಪ್ಪಿದರೆ ಅವರ ಹೆಸರನ್ನೂ ಬರೆದಿಡಿ. ಮೊದಲನೆಯದು ಗೋಡೆಗೆ ಹೋಗಲಿ. ಎರಡನೆಯದನ್ನು ಕಾಪಾಡಿ, ನಾಳೆ ಈ ಮೂರು ಊರುಗಳ ಚರಿತ್ರೆ ಬರೆಯುವವರು ಕೇಳಿಕೊಂಡು ಬರುವುದು ಅದನ್ನೇ.